ಬಿದ್ದ ಗೋಡೆಯ ಮಣ್ಣು

ಇವತ್ತಿನ ಎಪಿಸೋಡ್ ಒಂದು ಬಿದ್ದ ಗೋಡೆಯಿಂದ ಶುರು ಮಾಡ್ತೀನಿ.

ನನ್ನ ಅಜ್ಜಿ ಊರು ಗದಗ ಜಿಲ್ಲೆ. ಮಣ್ಣಿನ ಗೋಡೆ, ಜಂತಿ ಮೇಲೆ ಮಣ್ಣು ಹರಡಿದ ಮಾಳಿಗೆ. ಹೊರಗೆ ಏಪ್ರಿಲ್ ಬಿಸಿಲು ಸುಡ್ತಿದ್ರೂ ಒಳಗೆ ಫ್ಯಾನ್ ಇಲ್ದೆ ನಿದ್ದೆ ಬರ್ತಿತ್ತು. ಕಳೆದ ಮಳೆಗಾಲದಲ್ಲಿ ಹಿತ್ತಲ ಕಡೆ ಗೋಡೆ ಕುಸೀತು. ಪುಣ್ಯಕ್ಕೆ ಆ ಕೋಣೆಯಲ್ಲಿ ಯಾರೂ ಮಲಗಿರ್ಲಿಲ್ಲ. ಸೋದರಮಾವ ಅಂದ್ರು, "ಸಾಕು ಈ ಮಣ್ಣಿನ ಸಹವಾಸ. ಎಲ್ಲಾ ಕೆಡವಿ ಸಿಮೆಂಟಿನ್ಯಾಗ ಕಟ್ಟೂಣು."

ಮಾವಂದು ತಪ್ಪು ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. 2009ರಲ್ಲಿ, ಮತ್ತೆ 2019ರಲ್ಲಿ, ಉತ್ತರ ಕರ್ನಾಟಕದ ಮಳೆ-ನೆರೆಗೆ ಎಷ್ಟೊಂದು ಮಣ್ಣಿನ ಮನೆಗಳು ಬಿದ್ವು. ಮಣ್ಣಿನ ಮನೆ ತಂಪು ಅಂತ ರೀಲ್ಸ್ ಮಾಡೋದು ಸುಲಭ. ಅದರೊಳಗೆ ಮಲಗೋರ ಭಯ ಬೇರೆ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕ ನೋಡ್ದೆ. ಅಜ್ಜ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ, ಗೋಡೆಯ ಬಿರುಕು ಮೆತ್ತುತ್ತಿದ್ರು. ಆ ಕೂಲಿಯನ್ನ ನಾವ್ಯಾರೂ ಖರ್ಚು ಅಂತ ಬರೆದಿಟ್ಟಿಲ್ಲ. ಅಜ್ಜ ಹೋದ್ರು, ನಾವು ಬೆಂಗಳೂರು ಸೇರಿದ್ವಿ, ಮೆತ್ತೋ ಕೆಲಸ ನಿಂತುಹೋಯ್ತು.

ಹಾಗಾದ್ರೆ ಮೆತ್ತೋಕೆ ಜನ ಇಲ್ಲದ ಮನೆಗೆ ಏನು ದಾರಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ಅಂತಲೇ 1974ರಲ್ಲಿ 'ಅಸ್ತ್ರ' ಶುರುವಾಯ್ತು. ಒತ್ತಿದ ಮಣ್ಣಿನ ಇಟ್ಟಿಗೆ ಮೇಲೆ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ರು. ಮಣ್ಣಿಗೆ ಸುಮಾರು ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತೋ ಯಂತ್ರದಲ್ಲಿ ಅಚ್ಚು ತೆಗೆದು, ಮೂರ್ನಾಲ್ಕು ವಾರ ನೀರುಣಿಸಿದ್ರೆ ಇಟ್ಟಿಗೆ ಸಿದ್ಧ. ಭಟ್ಟಿ ಬೇಡ, ಸುಡೋಕೆ ಸೌದೆ ಬೇಡ. ಮಳೆಗೆ ಹಸಿ ಮಣ್ಣಿನ ಥರ ಕರಗಲ್ಲ.

ಮಾವ ಕೇಳಿದ್ರು, "ಹಂಗಾದ್ರ ನಮ್ಮ ಹೊಲದ ಮಣ್ಣ ತರೂಣೇನು?" ಅಜ್ಜಿ ಕೂತಲ್ಲಿಂದಲೇ, "ಎರಿ ಮಣ್ಣ ಬ್ಯಾಡೋ ತಮ್ಮಾ, ಒಣಗಿದ ಮ್ಯಾಲ ಬಾಯಿ ಬಿಡತೈತಿ. ಮಡ್ಡಿ ಮಣ್ಣ ತರ್ರಿ" ಅಂದ್ಳು.

ಎಂಜಿನಿಯರ್‌ಗಳು ಹೇಳೋದೂ ಇದನ್ನೇ. ಎರೆಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಸಿಮೆಂಟ್ ಬೆರೆಸೋ ಇಟ್ಟಿಗೆಗೆ ಮರಳಿನಂಶ ಜಾಸ್ತಿ ಇರೋ ಮಣ್ಣು ಬೇಕು. ನೋಡೋದು ಸುಲಭ: ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಅಲ್ಲಾಡಿಸಿ ಇಡಿ. ಮರಳು ಮೊದಲು ತಳಕ್ಕೆ ಇಳಿಯುತ್ತೆ, ಜೇಡಿ ಕೊನೆಗೆ ಮೇಲೆ ಕೂರುತ್ತೆ. ನಾವು ಬಿದ್ದ ಗೋಡೆಯ ಮಣ್ಣನ್ನೇ ಜರಡಿ ಹಿಡಿದು ನೋಡಿದ್ವಿ. ಅರ್ಧಕ್ಕಿಂತ ಹೆಚ್ಚು ಮರಳು. ಅಜ್ಜನ ಕಾಲದವರು ಮಡ್ಡಿಯಿಂದಲೇ ತಂದಿದ್ರು!

ಕೊನೆಗೆ ಮಾವ ಒಂದು ಕೋಣೆಗೆ ಒಪ್ಪಿದ್ದಾರೆ. ಕೆಳಗೆ ಹಳೇ ಕಲ್ಲಿನ ಬುನಾದಿ, ನಡುವೆ ಹೊಸ ಇಟ್ಟಿಗೆ, ಗೋಡೆಗೆ ಮಳೆ ಬಡಿಯದ ಹಾಗೆ ಮುಂದಕ್ಕೆ ಚಾಚಿದ ಸೂರು. ಇನ್ನು ಪರೀಕ್ಷೆ ಮಾಡೋದು ಮಳೆನೇ.

ನೀವೂ ಊರಿಗೆ ಹೋದಾಗ ಕೇಳಿ: ನಮ್ಮನೆ ಗೋಡೆ ಮಣ್ಣು ಎಲ್ಲಿಂದ ತಂದ್ರು, ಯಾಕೆ ಅಲ್ಲಿಂದ್ಲೇ ತಂದ್ರು? ಉತ್ತರಾನ ಫೋನಲ್ಲೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಅದನ್ನ ಹೇಳೋರು ಇನ್ನೂ ಇದ್ದಾರೆ. ಸಿಗೋಣ.