ತವರಿಗೆ ಹೊರಟ ಬಸುರಿಯ ಬಿ.ಪಿ. ಯಾರ ಕೈಯಲ್ಲಿ?



2018ರ ನವೆಂಬರ್‌ನಲ್ಲಿ ಅಮೆರಿಕದ ಓಟಗಾರ್ತಿ ಅಲಿಸನ್ ಫೆಲಿಕ್ಸ್ ತಮ್ಮ ಚೊಚ್ಚಲ ಬಸಿರಿನ 32ನೇ ವಾರದ ಮಾಮೂಲಿ ತಪಾಸಣೆಗೆ ಹೋದರು. ಅಷ್ಟರಲ್ಲಾಗಲೇ ಒಲಿಂಪಿಕ್ಸ್‌ನಲ್ಲಿ ಆರು ಚಿನ್ನ ಗೆದ್ದಿದ್ದವರು. ತಮ್ಮ ದೇಹವನ್ನು ಅವರಷ್ಟು ಬಲ್ಲವರು, ಅವರಷ್ಟು ಜತನ ಮಾಡಿದವರು ಕಡಿಮೆ. ಕಾಲು ಬಾತಿತ್ತು, ಬಸುರಿಯರಿಗೆ ಇದ್ದದ್ದೇ ಎಂದುಕೊಂಡಿದ್ದರು. ತಪಾಸಣೆಗೆ ಹೋದವರನ್ನು ಅಲ್ಲಿಂದ ನೇರ ಆಸ್ಪತ್ರೆಗೆ ಕಳಿಸಲಾಯಿತು. ತೀವ್ರ ಸ್ವರೂಪದ ಪ್ರೀಎಕ್ಲಾಂಪ್ಸಿಯಾ, ತುರ್ತು ಸಿಸೇರಿಯನ್. ಅವಧಿಗೆ ಮೊದಲೇ ಹುಟ್ಟಿದ ಮಗಳು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಉಳಿಯಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಕುಳಿತು ಫೆಲಿಕ್ಸ್ ಇದನ್ನೆಲ್ಲ ಹೇಳಿಕೊಂಡರು.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ಜೊತೆ ರಿಲೇ ಓಡಿ ಚಿನ್ನ ಗೆದ್ದಿದ್ದ ಟೋರಿ ಬೋವಿ 2023ರಲ್ಲಿ, ಬಸಿರಿನ ಎಂಟನೇ ತಿಂಗಳಲ್ಲಿ ತೀರಿಕೊಂಡರು. ವಯಸ್ಸು 32. ಶವಪರೀಕ್ಷೆಯ ವರದಿ ಸಂಭವನೀಯ ತೊಡಕುಗಳಲ್ಲಿ ಎಕ್ಲಾಂಪ್ಸಿಯಾವನ್ನೂ, ಅಂದರೆ ಇದೇ ಕಾಯಿಲೆ ಉಲ್ಬಣಿಸಿ ಫಿಟ್ಸ್ ಬರುವುದನ್ನೂ, ಹೆಸರಿಸಿತು.

ಜಗತ್ತಿನ ಅತಿ ವೇಗದ ಕಾಲುಗಳನ್ನೂ ಬಿಡದ ಈ ಕಾಯಿಲೆ ಬೆಳಗಾವಿಯ ಕಬ್ಬಿನ ಗದ್ದೆಯಲ್ಲಿ ದುಡಿಯುವವಳನ್ನೂ ಬಿಡುವುದಿಲ್ಲ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತು ಕೆಲಸ ಮಾಡುವವಳನ್ನೂ ಬಿಡುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಚೊಚ್ಚಲ ಬಸುರಿಯರಿಗೆ ದಿನಕ್ಕೆ 500 ಮಿ.ಗ್ರಾಂ. ಕ್ಯಾಲ್ಸಿಯಂ ಸಾಕೋ, 1,500 ಮಿ.ಗ್ರಾಂ. ಬೇಕೋ ಎಂದು ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ 11,000 ಮಂದಿ, ತಾಂಜಾನಿಯಾದಲ್ಲಿ ಅಷ್ಟೇ ಮಂದಿ. ಕಡಿಮೆ ಮಾತ್ರೆಯೇ ಸಾಕೆಂಬುದು ಅದರ ತೀರ್ಮಾನ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಕಾಣಿಸಿತು: ಬೆಂಗಳೂರಿನಲ್ಲಿ ಎರಡೂ ಗುಂಪಿನಲ್ಲಿ ನೂರಕ್ಕೆ ಐದು ಮಂದಿಗೆ ಪ್ರೀಎಕ್ಲಾಂಪ್ಸಿಯಾ ಬಂತು. ಅವರೆಲ್ಲ ನಿಯಮಿತವಾಗಿ ತಪಾಸಣೆಗೆ ಬರುತ್ತಿದ್ದವರು, ಮಾತ್ರೆ ನುಂಗುತ್ತಿದ್ದವರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 46,000 ತಾಯಂದಿರು ಈ ಕಾಯಿಲೆಯಿಂದ ಸಾಯುತ್ತಾರೆ. ಹೊಟ್ಟೆಯಲ್ಲಿರುವ ಮತ್ತು ಆಗತಾನೆ ಹುಟ್ಟಿದ ಶಿಶುಗಳ ಲೆಕ್ಕ 5 ಲಕ್ಷ.

ಈ ಸಂಕಿರಣದಲ್ಲಿರುವ ವೈದ್ಯರಿಗೆ, ಶುಶ್ರೂಷಾ ಅಧಿಕಾರಿಗಳಿಗೆ, ಆಶಾ ಕಾರ್ಯಕರ್ತೆಯರಿಗೆ ವ್ಯಾಖ್ಯೆ ಬೇಕಿಲ್ಲ. 20 ವಾರದ ನಂತರ ಹೊಸದಾಗಿ 140/90 ದಾಟಿದ ರಕ್ತದೊತ್ತಡ, ಜೊತೆಗೆ ಮೂತ್ರದಲ್ಲಿ ಪ್ರೋಟೀನು ಅಥವಾ ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಪೆಟ್ಟು ಬಿದ್ದ ಗುರುತು. 160/110 ದಾಟಿದರೆ ಕೈಕಟ್ಟಿ ಕೂರುವ ಹೊತ್ತಲ್ಲ. ಆದರೆ ಈ ಸುದ್ದಿ ಕೇಳಿದ ಹೆಣ್ಣುಮಗಳ ತಲೆಯಲ್ಲಿ ಏಳುವ ಪ್ರಶ್ನೆಗಳೇ ಬೇರೆ. ಮಗುವಿಗೆ ಏನಾಗುತ್ತೆ? ಮನೆಗೆ ಯಾವಾಗ ಬಿಡ್ತಾರೆ? ನಾನೇನು ತಪ್ಪು ಮಾಡಿದೆ?

ಈ ಮೂರನೆಯದನ್ನು ಆಕೆ ಹೆಚ್ಚಾಗಿ ಯಾರನ್ನೂ ಕೇಳುವುದಿಲ್ಲ. ಕೇಳುವ ಮೊದಲೇ ಮನೆಯವರು ಉತ್ತರ ಹೇಳಿ ಮುಗಿಸಿರುತ್ತಾರೆ: ಉಪ್ಪಿನಕಾಯಿ ತಿಂದದ್ದು ಜಾಸ್ತಿಯಾಯಿತು, ಟೆನ್ಷನ್ ಮಾಡಿಕೊಂಡಳು, ಕೆಲಸ ಬಿಡು ಅಂದರೆ ಬಿಡಲಿಲ್ಲ. ವಿಜ್ಞಾನ ಹೇಳುವುದೇ ಬೇರೆ. ಮಾಸು ಗರ್ಭಕೋಶದ ಗೋಡೆಗೆ ಬೇರು ಬಿಡುವ ಮೊದಲ ತಿಂಗಳುಗಳಲ್ಲಿ ಅಲ್ಲಿನ ಸುರುಳಿ ರಕ್ತನಾಳಗಳು ಸಾಕಷ್ಟು ಅಗಲವಾಗದೇ ಉಳಿಯುತ್ತವೆ. ರಕ್ತ ಸಾಲದ ಮಾಸು ತಾಯಿಯ ರಕ್ತನಾಳಗಳ ಒಳಪದರಕ್ಕೆ ಕೆಡುಕು ಮಾಡುವ ಪ್ರೋಟೀನುಗಳನ್ನು ಹೊರಬಿಡುತ್ತದೆ. ಅಂಥ ಒಂದು ಪ್ರೋಟೀನನ್ನು 2003ರಲ್ಲಿ ಗುರುತಿಸಿದ ಬಾಸ್ಟನ್ನಿನ ತಂಡದಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಅನಂತ್ ಕರುಮಂಚಿ ಇದ್ದರು. ಎಂಟನೇ ತಿಂಗಳಲ್ಲಿ ಬಿ.ಪಿ. ಏರಿತೆಂದರೆ ಅದರ ಮೂಲ ಆಕೆಗೆ ವಾಂತಿ ಬರುತ್ತಿದ್ದ ದಿನಗಳಲ್ಲೇ ಇತ್ತು ಎಂದಾಯಿತು. ಉಪ್ಪು ಬಿಟ್ಟರೆ ಈ ಕಾಯಿಲೆ ತಪ್ಪುತ್ತದೆ ಎಂಬುದಕ್ಕೂ ಆಧಾರವಿಲ್ಲ, ದಿನವಿಡೀ ಮಲಗಿದ್ದರೆ ತಪ್ಪುತ್ತದೆ ಎಂಬುದಕ್ಕೂ ಆಧಾರವಿಲ್ಲ. ವಾರ್ಡಿನಲ್ಲಿ ಬಿ.ಪಿ. ನೋಡಿದವರು ಮೊದಲು ಹೇಳಬೇಕಾದ ಮಾತು ಇದು: "ತಂಗೀ, ಇದು ನಿನ್ನ ತಪ್ಪಲ್ಲ." ಅದನ್ನು ಗಂಡ, ಅತ್ತೆ, ತಾಯಿಯ ಎದುರಿಗೇ ಹೇಳಬೇಕು.

ಎರಡನೆಯ ಪ್ರಶ್ನೆ, ಮನೆಗೆ ಯಾವಾಗ ಎಂಬುದು, ವೈದ್ಯರನ್ನೂ ಕಾಡಿದ ಪ್ರಶ್ನೆಯೇ. ಈ ಕಾಯಿಲೆ ಇಳಿಯತೊಡಗುವುದು ಮಾಸು ಹೊರಬಿದ್ದ ಮೇಲೆ. 37 ವಾರ ತುಂಬಿದ್ದರೆ ಗೊಂದಲವಿಲ್ಲ, ಹೆರಿಗೆ ಮಾಡಿಸುವುದೇ ಸರಿ. 34ರಿಂದ 37ರ ನಡುವೆ ಇದ್ದರೆ? ಕಾದರೆ ತಾಯಿಗೆ ಅಪಾಯ, ಅವಸರಿಸಿದರೆ ಮಗುವಿಗೆ. ಭಾರತ ಮತ್ತು ಜಾಂಬಿಯಾದ ಆಸ್ಪತ್ರೆಗಳಲ್ಲಿ 565 ಮಹಿಳೆಯರೊಂದಿಗೆ ನಡೆದ ಕ್ರೇಡಲ್-4 ಅಧ್ಯಯನ 2023ರಲ್ಲಿ ಹೊರಬಂತು. ಅದರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಪಾಲೂ ಇತ್ತು. ಯೋಜಿಸಿ ಹೆರಿಗೆ ಮಾಡಿಸಿದವರಲ್ಲಿ ತಾಯಿಯ ತೀವ್ರ ರಕ್ತದೊತ್ತಡ ಕಡಿಮೆ ಕಂಡಿತು, ಹೊಟ್ಟೆಯಲ್ಲೇ ಮಗು ಸಾಯುವುದೂ ಕಡಿಮೆಯಾಯಿತು. "ಇನ್ನೆರಡು ವಾರ ಮಗು ಒಳಗೇ ಬೆಳೀಲಿ" ಎಂಬ ಮನೆಯವರ ಹಂಬಲ ಪ್ರೀತಿಯದೇ. ಆ ಎರಡು ವಾರ ಮಗುವಿನ ಪ್ರಾಣವನ್ನೇ ತೆಗೆದೀತು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ, ಅವಸರವಿಲ್ಲದೆ ಕೂತು ಹೇಳುವವರು ಬೇಕು.

ಇನ್ನು ಮ್ಯಾಗ್ನೀಸಿಯಂ ಸಲ್ಫೇಟು. 33 ದೇಶಗಳ 10,141 ಮಹಿಳೆಯರೊಂದಿಗೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ, ಈ ಅಗ್ಗದ ಔಷಧ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು ತೋರಿಸಿಕೊಟ್ಟಿತು. ಅದು ಗೊತ್ತಿಲ್ಲದ ಹೆರಿಗೆ ವಾರ್ಡು ಇಂದು ಇರಲಾರದು. ಚುಚ್ಚಿಸಿಕೊಳ್ಳುವವಳ ಕಡೆಯಿಂದ ಅದು ಹೇಗಿರುತ್ತದೆ ಎಂಬುದನ್ನು ಮಾತ್ರ ನಾವು ಕಡಿಮೆ ಯೋಚಿಸಿದ್ದೇವೆ. ಎರಡು ಮಿ.ಲೀ.ನ ಒಂದು ಆಂಪ್ಯೂಲಿನಲ್ಲಿ ಒಂದು ಗ್ರಾಂ. ಸಿಸ್ಟರ್ ಒಂದೊಂದೇ ಒಡೆದು ದೊಡ್ಡ ಸಿರಿಂಜಿಗೆ ಎಳೆದುಕೊಳ್ಳುತ್ತಾ ಹೋಗುತ್ತಾರೆ. ಎರಡೂ ಪಿರ್ರೆಗೆ ಐದೈದು ಗ್ರಾಂ ಆಗಬೇಕೆಂದರೆ ಹತ್ತು ಆಂಪ್ಯೂಲು. ಮಂಚದ ಮೇಲಿರುವವಳು ಒಂದೊಂದು ಗಾಜು ಮುರಿಯುವ ಸದ್ದನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ. ರಕ್ತನಾಳಕ್ಕೆ ಕೊಟ್ಟಾಗ ಮೈಯೆಲ್ಲ ಬೆಂಕಿಯ ಹಾಗೆ ಬಿಸಿಯೇರುತ್ತದೆ. ಮೊದಲೇ ಹೇಳದಿದ್ದರೆ ಆಕೆ ಸಾವೇ ಬಂತೆಂದು ಹೆದರುತ್ತಾಳೆ. ಆಮೇಲೆ ಗಂಟೆಗಂಟೆಗೂ ಯಾರೋ ಬಂದು ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ, ಉಸಿರು ಎಣಿಸುತ್ತಾರೆ, ಮೂತ್ರದ ಚೀಲ ನೋಡುತ್ತಾರೆ. ಔಷಧ ಮಿತಿ ಮೀರಿದರೆ ಉಸಿರು ಕುಗ್ಗುವ ಮೊದಲು ಮೊಣಕಾಲಿನ ಪ್ರತಿಕ್ರಿಯೆ ಅಳಿಸಿಹೋಗುತ್ತದೆ ಎಂಬುದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. "ಈಗ ಬಿಸಿ ಅನ್ನಿಸುತ್ತೆ, ಸ್ವಲ್ಪ ಹೊತ್ತಿಗೆ ಹೋಗುತ್ತೆ, ಕಾಲು ಹೀಗೆ ಜಿಗಿದರೆ ಎಲ್ಲಾ ಸರಿ ಇದೆ ಅಂತ ಅರ್ಥ" ಎನ್ನಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವೂ ಚಿಕಿತ್ಸೆಯ ಭಾಗವೆಂದು ತರಬೇತಿಯಲ್ಲಿ ಸೇರಬೇಕು.

ಈ ಸಂಕಿರಣ ಹೆಚ್ಚು ಹೊತ್ತು ಕೊಡಬೇಕಾದ ವಿಷಯ ಆಸ್ಪತ್ರೆಯ ಹೊರಗಿದೆ.

ಹಳೆ ಮೈಸೂರಿನ ಕಡೆ ಸೀಮಂತ, ಉತ್ತರ ಕರ್ನಾಟಕದ ಕಡೆ ಕುಬಸ. ಮಡಿಲು ತುಂಬಿಸಿಕೊಂಡು, ಹಸಿರು ಬಳೆ ತೊಟ್ಟು ಬಸುರಿ ತವರಿಗೆ ಹೊರಡುತ್ತಾಳೆ, ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ. ಚೊಚ್ಚಲ ಹೆರಿಗೆಯಂತೂ ತವರಿನದೇ. ಪ್ರೀಎಕ್ಲಾಂಪ್ಸಿಯಾ ಹೆಚ್ಚಾಗಿ ಕಾಣುವುದೂ ಚೊಚ್ಚಲ ಬಸಿರಿನಲ್ಲಿ, ಅದೂ ಈ ಕೊನೆಯ ತಿಂಗಳುಗಳಲ್ಲಿ. ಆರು ತಿಂಗಳಿಂದ ಅವಳನ್ನು ನೋಡುತ್ತಿದ್ದ ಆಶಾ ಕಾರ್ಯಕರ್ತೆ ಗಂಡನ ಮನೆಯ ಊರಲ್ಲೇ ಉಳಿದಳು. ಮೂರನೇ ತಿಂಗಳಲ್ಲಿ 100/60 ಇದ್ದ ಬಿ.ಪಿ.ಯನ್ನು ಬಲ್ಲ ವೈದ್ಯರು ಅಲ್ಲೇ ಉಳಿದರು. ತವರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವಳು ಹೊಸಬಳು. ಅಲ್ಲಿ 136/88 ಬಂದರೆ "ಪರವಾಗಿಲ್ಲ, ಬಾರ್ಡರ್" ಎನ್ನುತ್ತಾರೆ. ಮೊದಲಿನ ಅಂಕಿ ಕಣ್ಣೆದುರು ಇದ್ದಿದ್ದರೆ ಮೂರು ದಿನಕ್ಕೆ ಮತ್ತೆ ಬಾ ಎನ್ನುತ್ತಿದ್ದರು. ತಾಯಿ ಕಾರ್ಡು ಇದೆ, ನಿಜ. ಅದು ಗಂಡನ ಮನೆಯ ಬೀರುವಿನಲ್ಲಿ ಉಳಿದರೆ ಅಥವಾ ಬಿ.ಪಿ.ಯ ಕಾಲಂ ಖಾಲಿ ಇದ್ದರೆ ಅದು ಬರೀ ರಟ್ಟು.

ತವರಿಗೆ ಹೋಗುವುದನ್ನು ತಪ್ಪಿಸಬೇಕೆಂದು ಇಲ್ಲಿ ಯಾರೂ ಹೇಳಲಾರರು. ತಾಯಿಯ ಕೈಯ ಊಟ, ಹೇಳಿಕೊಳ್ಳಲು ಒಂದು ಮಡಿಲು ಇಂಥ ಹೊತ್ತಿನಲ್ಲಿ ಬೇಕೇ ಬೇಕು. ಆಕೆಯ ಹಿಂದೆಯೇ ಆಕೆಯ ಅಂಕಿಗಳೂ ಹೋಗಬೇಕು, ಅಷ್ಟೇ. ಹೊರಡುವ ಮುನ್ನ ಒಂದು ಬಿ.ಪಿ., ತಲುಪಿದ ವಾರದಲ್ಲಿ ಒಂದು ಬಿ.ಪಿ., ಈ ಊರಿನ ಆಶಾಳಿಂದ ಆ ಊರಿನ ಆಶಾಳಿಗೆ ಒಂದು ಫೋನು. ತವರಿನ ತಾಯಿಗೂ ತಿಳಿಸಬೇಕಾದ ಕೆಲವು ಸಂಗತಿಗಳಿವೆ. ಕುಬಸದಲ್ಲಿ ತೊಡಿಸಿದ ಬಳೆ ಕೆಲವೇ ದಿನಕ್ಕೆ ಮುಂಗೈಯಲ್ಲಿ ಸಿಕ್ಕಿಹಾಕಿಕೊಂಡರೆ, ಬೆಳಗ್ಗೆ ಎದ್ದಾಗ ಮುಖ ಊದಿದ್ದರೆ, ಅದು "ಮೈ ತುಂಬಿಕೊಂಡಳು" ಎಂದು ಸಂತೋಷಪಡುವ ಲಕ್ಷಣವಲ್ಲ. ಬಿಡದ ತಲೆನೋವು, ಕಣ್ಣೆದುರು ಮಿಂಚು ಅಥವಾ ಮಬ್ಬು, ಪಕ್ಕೆಲುಬಿನ ಕೆಳಗೆ ಬಲಗಡೆ ಹಿಂಡುವ ನೋವು, ಇವೂ ಅಪಾಯದ ಗುರುತುಗಳೇ. ಈ ಕೊನೆಯದಕ್ಕೆ ನಮ್ಮಲ್ಲಿ ಸಿದ್ಧವಾದ ಹೆಸರಿದೆ, ಗ್ಯಾಸ್ಟ್ರಿಕ್. ಮೆಡಿಕಲ್ ಸ್ಟೋರಿನಿಂದ ಒಂದು ಮಾತ್ರೆ ತಂದು ಕೊಟ್ಟು ಮಲಗಿಸುತ್ತಾರೆ. ಯಕೃತ್ತು ಊದಿ, ಪ್ಲೇಟ್‌ಲೆಟ್ ಕುಸಿಯುವ ಹೆಲ್ಪ್ ಸಿಂಡ್ರೋಮಿನ ಮೊದಲ ಸುಳಿವು ಎಷ್ಟೋ ಸಲ ಅದೇ ಆಗಿರುತ್ತದೆ.

ಮನೆ ಬಾಗಿಲಲ್ಲಿ ಬಿ.ಪಿ. ನೋಡುವ ಪ್ರಯೋಗ ಕರ್ನಾಟಕಕ್ಕೆ ಹೊಸದಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದ ಕ್ಲಿಪ್ ಅಧ್ಯಯನದಲ್ಲಿ ಆಶಾ ಮತ್ತು ಎ.ಎನ್.ಎಂ.ಗಳು ಟ್ಯಾಬ್ಲೆಟ್, ಬಿ.ಪಿ. ಯಂತ್ರ ಹಿಡಿದು ಮನೆಮನೆಗೆ ಹೋದರು. ಅಗತ್ಯ ಬಿದ್ದರೆ ಮಿಥೈಲ್‌ಡೋಪಾ ಮಾತ್ರೆ, 10 ಗ್ರಾಂ ಮ್ಯಾಗ್ನೀಸಿಯಂ ಕೊಟ್ಟು ಆಸ್ಪತ್ರೆಗೆ ಕಳಿಸುವ ಏರ್ಪಾಡಿತ್ತು. 2020ರಲ್ಲಿ ಬಂದ ಫಲಿತಾಂಶ ಎಲ್ಲರೂ ಬಯಸಿದಂತೆ ಇರಲಿಲ್ಲ: ಭಾರತ, ಪಾಕಿಸ್ತಾನ, ಮೊಜಾಂಬಿಕ್ ಮೂರೂ ಕಡೆ ಸೇರಿ ತಾಯಿ-ಮಗುವಿನ ಸಾವು ಮತ್ತು ಗಂಭೀರ ತೊಡಕುಗಳು ಒಟ್ಟಾರೆ ಇಳಿಯಲಿಲ್ಲ. ಎಂಟು ಅಥವಾ ಹೆಚ್ಚು ಸಲ ಭೇಟಿ ಕಂಡವರಲ್ಲಿ ಮಾತ್ರ ಒಳ್ಳೆಯ ಸೂಚನೆ ಕಾಣಿಸಿತು. ಗೋಕಾಕವೂ ಸೇರಿ ಹತ್ತು ಕಡೆ ನಡೆದ ಕ್ರೇಡಲ್-3 ಅಧ್ಯಯನದಲ್ಲಿ ಬಳಸಿದ ಬಿ.ಪಿ. ಯಂತ್ರದ ಮೇಲೆ ಟ್ರಾಫಿಕ್ ಸಿಗ್ನಲ್ಲಿನಂತೆ ಹಸಿರು, ಹಳದಿ, ಕೆಂಪು ದೀಪಗಳಿದ್ದವು. ಓದು ಬಾರದವರಿಗೂ ಅರ್ಥವಾಗುವಂಥದ್ದು. ಇವೆರಡರಿಂದ ಕಲಿಯಬೇಕಾದ್ದು ಇದೆ. ಯಂತ್ರ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಮತ್ತೆ ಮತ್ತೆ ಹೋಗಿ ನೋಡಬೇಕು, ಕೆಂಪು ದೀಪ ಉರಿದ ರಾತ್ರಿ 108 ಬರಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಬಾಗಿಲು ತೆರೆದಿರಬೇಕು.

ಹೆರಿಗೆಯಾಯಿತು, ಮಗು ಅತ್ತಿತು, ಮನೆಯವರು ಪೇಡಾ ಹಂಚಿದರು. ಇಲ್ಲಿಗೆ ಎಲ್ಲರೂ ನಿರಾಳವಾಗುತ್ತಾರೆ. ಆದರೆ ಹೆರಿಗೆಯ ನಂತರ ಬಿ.ಪಿ. ಮತ್ತೆ ಏರಿ ತುತ್ತತುದಿ ಮುಟ್ಟುವುದು ಮೂರರಿಂದ ಆರನೇ ದಿನದ ನಡುವೆ. ಸಹಜ ಹೆರಿಗೆಯಾದವಳನ್ನು 48 ಗಂಟೆಗೆ ಮನೆಗೆ ಕಳಿಸುವುದು ರೂಢಿ. ಅಪಾಯದ ದಿನಗಳಲ್ಲಿ ಆಕೆ ಬಾಣಂತಿ ಕೋಣೆಯಲ್ಲಿ, ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತಾಳೆ. ತಲೆ ಸಿಡಿಯುತ್ತಿದೆ ಎಂದರೆ ಗಾಳಿ ಹೊಕ್ಕಿದೆ ಎಂದು ಇನ್ನೊಂದು ಸುತ್ತು ಬಿಗಿಯುತ್ತಾರೆ. ಎಕ್ಲಾಂಪ್ಸಿಯಾದ ಫಿಟ್ಸ್ ಬಾಣಂತನದಲ್ಲೂ ಬರುತ್ತದೆ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಬೇಕು.

ಮಗು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ (ಎಸ್.ಎನ್.ಸಿ.ಯು.), ತಾಯಿ ಇನ್ನೊಂದು ವಾರ್ಡಿನಲ್ಲಿ ಇರುವ ದಿನಗಳ ಸಂಕಟವನ್ನು ಹೇಳಲೇಬೇಕು. ಹೆತ್ತೂ ಮಗುವಿನ ಮುಖ ನೋಡದೆ ಮಲಗಿರುವವಳಿಗೆ ಫೋನಿನಲ್ಲಿ ಮಗುವಿನ ಒಂದು ಫೋಟೊ ತೋರಿಸಿ, ಎದೆಹಾಲು ಹಿಂಡಿ ಕಳಿಸಲು ನೆರವಾದರೆ ಅದಕ್ಕೆ ಖರ್ಚಿಲ್ಲ. ಮ್ಯಾಗ್ನೀಸಿಯಂ ಪಡೆದ ತಾಯಿ ಹಾಲುಣಿಸಬಾರದೆಂಬುದು ಸುಳ್ಳು ನಂಬಿಕೆ.

ವರ್ಷಗಳು ಉರುಳಿದ ಮೇಲೂ ಈ ಕಾಯಿಲೆ ಪೂರ್ತಿ ಬಿಟ್ಟುಹೋಗುವುದಿಲ್ಲ. ಇದು ಬಂದಿದ್ದ ಮಹಿಳೆಯರಿಗೆ ಮುಂದೆ ಹೃದಯದ ಕಾಯಿಲೆಯ ಸಾಧ್ಯತೆ ಸುಮಾರು ಇಮ್ಮಡಿ. ನಲವತ್ತೈದರಲ್ಲಿ ಎದೆನೋವೆಂದು ಬಂದವಳನ್ನು ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳುತ್ತೇವೆ, ಬಸಿರಿನಲ್ಲಿ ಬಿ.ಪಿ. ಇತ್ತಾ ಎಂದು ಕೇಳುವುದಿಲ್ಲ. ಮುಂದಿನ ಬಸಿರಿಗಾದರೂ ಇಂದು ದಾರಿಯಿದೆ: 2017ರ ಆಸ್ಪ್ರೆ ಅಧ್ಯಯನದಲ್ಲಿ, ಹೆಚ್ಚು ಅಪಾಯವಿದ್ದವರು 11ರಿಂದ 14ನೇ ವಾರದೊಳಗೆ ಆರಂಭಿಸಿ ದಿನವೂ 150 ಮಿ.ಗ್ರಾಂ. ಆಸ್ಪಿರಿನ್ ತೆಗೆದುಕೊಂಡಾಗ, 37 ವಾರದೊಳಗೆ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ ಶೇ. 62ರಷ್ಟು ಕಡಿಮೆಯಾಯಿತು. "ಇನ್ನೊಂದು ಮಗು ಬೇಡವೇ ಬೇಡ" ಎಂದು ಹೆದರಿ ಕೂತವಳಿಗೆ ಇದನ್ನು ತಿಳಿಸುವುದು ಯಾರ ಕೆಲಸ ಎಂದು ಈ ಸಂಕಿರಣದ ಎರಡನೇ ಗೋಷ್ಠಿ ತೀರ್ಮಾನಿಸಲಿ.

ನವಜಾತ ಶಿಶುವಿನ ಆರೈಕೆಗೆಂದು ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ, ಮತ್ತೆ 42ನೇ ದಿನದವರೆಗೂ ಮನೆಗೆ ಬರುತ್ತಾಳೆ. ಅವಳ ಚೀಲದಲ್ಲಿ ಮಗುವಿನ ತೂಕದ ಯಂತ್ರವಿದೆ, ಥರ್ಮಾಮೀಟರಿದೆ. ಅದೇ ಚೀಲಕ್ಕೆ ಒಂದು ಬಿ.ಪಿ. ಯಂತ್ರ ಸೇರಲಿ, ಮಗುವನ್ನು ತೂಗಿದ ಮೇಲೆ ತಾಯಿಯ ತೋಳಿಗೂ ಪಟ್ಟಿ ಸುತ್ತಲಿ, ಆ ಅಂಕಿಗೆ ತಾಯಿ ಕಾರ್ಡಿನಲ್ಲಿ ಜಾಗವಿರಲಿ ಎಂಬ ಠರಾವನ್ನು ಈ ಸಂಕಿರಣ ಒಮ್ಮತದಿಂದ ಅಂಗೀಕರಿಸಿ ಆರೋಗ್ಯ ಇಲಾಖೆಗೆ ಕಳಿಸಿಕೊಡಬೇಕೆಂದು ಸಭೆಯಲ್ಲಿ ಕೋರಿಕೆ.