ಮಡಹಾಗಲ: ಸಸಿ ಕೊಳ್ಳುವ ಮುಂಚೆ
(ಅಜ್ಜೀಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮಡಹಾಗಲ ನಮಗೆ ಹೊಸದಲ್ಲ. ಕುರುಚಲು ಕಾಡಿನಂಚಿನಲ್ಲಿ, ಬೇಲಿ ಸಾಲಿನಲ್ಲಿ ತಾನಾಗಿ ಹಬ್ಬುತ್ತಿದ್ದ ಬಳ್ಳಿ. ದನ ಕಾಯೋಕೆ ಹೋದ ಹುಡುಗರು ಜೇಬು ತುಂಬ ಕಾಯಿ ತರ್ತಿದ್ದೆವು. ದುಡ್ಡು ಕೊಟ್ಟು ಕೊಂಡವರನ್ನು ನಾನು ಕಾಣೆ. ಈಗ ಜೀವಂತ ಬೇಲಿಗಳೇ ಹೋದವು, ಬಳ್ಳಿ ಅಪರೂಪವಾಯಿತು. ಪೇಟೆಯಲ್ಲಿ ಅದೇ ಕಾಯಿ ಹಾಗಲಕಾಯಿಗಿಂತ ದುಬಾರಿ. ಆ ಬೆಲೆ ಕೇಳಿದೊಡನೆ ನಮ್ಮ ಕಣ್ಣು ಅರಳುತ್ತದೆ. ಸಸಿ ಮಾರುವವನಿಗೆ ಬೇಕಾದ್ದೂ ಅದೇ.

ಒಣ ಭೂಮಿಗೆ ಒಗ್ಗುವ ಬಳ್ಳಿ, ನಿಜ. ಚಳಿಗಾಲದಲ್ಲಿ ಒಣಗಿ ಸತ್ತಂತೆ ಕಾಣುತ್ತದೆ. ನೆಲದೊಳಗೆ ಗೆಡ್ಡೆ ಜೀವ ಹಿಡಿದುಕೊಂಡು ಮಲಗಿರುತ್ತದೆ. ಬೇಸಿಗೆ ಮಳೆ ಬಿದ್ದರೆ ಚಿಗುರುತ್ತದೆ, ಹೀಗೇ ಹಲವು ವರ್ಷ.

ಆದರೆ ಮಾರುವವನು ಹೇಳದ ಮಾತೊಂದಿದೆ. ಪರಂಗಿಯಂತೆ ಇದರಲ್ಲೂ ಗಂಡು ಬೇರೆ, ಹೆಣ್ಣು ಬೇರೆ. ಬೀಜದಿಂದ ಎಬ್ಬಿಸಿದ ಸಸಿಯಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಹೂ ಬಿಡುವ ತನಕ ನೋಡಿ ಹೇಳೋಕಾಗಲ್ಲ. 2021ರಲ್ಲಿ ನಾನೂ ಬಿದ್ದೆ. ಎಲ್ಲಾ ಹೆಣ್ಣೇ ಅಂದವನ ಮಾತು ನಂಬಿ 200 ಸಸಿ ತಂದೆ, ಕಂಬ-ತಂತಿಗೆ ಕೈಸಾಲ ಮಾಡಿದೆ. ಈ ಹೂ ಅರಳೋದು ಸಂಜೆಗೆ. ಟಾರ್ಚು ಹಿಡಿದು ಸಾಲು ಸಾಲು ಎಣಿಸಿದೆ, 112 ಗಂಡು! ಮನೆಯವಳು ದೀಪ ಹಿಡಿದು ಹಿಂದೆ ಬಂದವಳು ಏನೂ ಮಾತಾಡಲಿಲ್ಲ. ಬಡ್ಡಿ ಮಾತ್ರ 200 ಸಸಿಗೂ ಕಟ್ಟಿದೆ.

ಹಾಗಾದರೆ ಬೆಳೆಯಬಾರದೆ? ಬೆಳೆಯಿರಿ, ಸಾಲ ಮಾಡದೆ. ಕಾಯಿ ಬಿಟ್ಟದ್ದನ್ನು ಕಣ್ಣಾರೆ ಕಂಡ ಬಳ್ಳಿಯ ಗೆಡ್ಡೆಯನ್ನೇ ತನ್ನಿ. ಗೆಡ್ಡೆ ಬೇಗ ಹೆಚ್ಚೋದಿಲ್ಲ; ಸಾವಿರಗಟ್ಟಲೆ ಹೆಣ್ಣು ಗೆಡ್ಡೆ ಇದೆ ಅನ್ನುವವನನ್ನು ಎರಡು ಸಲ ಪ್ರಶ್ನೆ ಕೇಳಿ. ಮೊದಲ ವರ್ಷ ಬೇಲಿ ಪಕ್ಕ ಹತ್ತಿಪ್ಪತ್ತು ಗುಂಡಿ ಸಾಕು. ಹೆಣ್ಣು ಹೂವಿನ ಬುಡದಲ್ಲಿ ಮುಳ್ಳುಮುಳ್ಳಾದ ಪುಟ್ಟ ಪಿಂದೆ ಇರುತ್ತದೆ, ಗಂಡಿಗೆ ಇರೋದಿಲ್ಲ. ಎಂಟು ಹತ್ತು ಹೆಣ್ಣಿಗೆ ಒಂದು ಗಂಡು ಉಳಿಸಿ. ಸಿಟ್ಟಿನಲ್ಲಿ ಎಲ್ಲಾ ಗಂಡನ್ನೂ ಕಿತ್ತರೆ ಕಾಯಿಯೂ ಇಲ್ಲ. ಪರಾಗ ಒಯ್ಯೋದು ಸಂಜೆಯ ಪತಂಗ. ಅದು ಬಾರದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾವೇ ತಾಗಿಸಬೇಕು, ಮನೆ ಮಕ್ಕಳೂ ಮಾಡುವ ಕೆಲಸ. ಹಣ್ಣಾಗಿ ಒಡೆದರೆ ಕೊಳ್ಳುವವರಿಲ್ಲ, ಹಸಿರಿದ್ದಾಗಲೇ ಕೊಯ್ಯಿರಿ. ಕಾಡುಹಂದಿ ಗೆಡ್ಡೆ ಬಗೆದೀತು, ನಮ್ಮ ಕಡೆ ಅದನ್ನು ಹೇಳಿಕೊಡಬೇಕಾಗಿಲ್ಲ.

ನನ್ನಲ್ಲಿ ಈಗ ಗುರುತು ಕಟ್ಟಿದ ಹೆಣ್ಣು ಬಳ್ಳಿಗಳಿವೆ. ಹೂವಿನ ಕಾಲಕ್ಕೆ ಸಂಜೆ ಬಂದು ನೋಡಿ, ಬಳ್ಳಿ ಒಣಗಿದ ಮೇಲೆ ಬಂದು ಗೆಡ್ಡೆ ಒಯ್ಯಿರಿ. ದುಡ್ಡು ಬೇಡ. ನಿಮ್ಮಲ್ಲಿ ಹೆಚ್ಚಿದಾಗ ಪಕ್ಕದವನಿಗೆ ಎರಡು ಕೊಡಿ.