ಬ್ರಹ್ಮಗಿರಿಯ ಒಂದು ವರ್ಷ



ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೊರಟವರಿಗೆ ತಳಕು ದಾರಿಯಲ್ಲೇ ಸಿಗುವ ಊರು. ಕನ್ನಡ ಓದಿದವರಿಗೆ ಈ ಹೆಸರು ಹೊಸದಲ್ಲ. ಪ್ರೊಫೆಸರ್ ಟಿ. ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲಿಗೆ, ಕಾದಂಬರಿಕಾರ ತ. ರಾ. ಸುಬ್ಬರಾಯರ ಹೆಸರಿನ ಮೊದಲಿಗೆ ನಿಂತಿರುವ ಅಕ್ಷರ ಈ ತಳಕಿನದೇ. ಆದರೆ ಈ ಸೀಮೆಯಲ್ಲಿ ಅಕ್ಷರದ ಚರಿತ್ರೆ ಅವರಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಉತ್ತರಕ್ಕೆ ನಡೆದು ಮೊಳಕಾಲ್ಮುರು ತಾಲ್ಲೂಕನ್ನು ಹೊಕ್ಕರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದು. ಬರೆದವನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರನೆಂಬ ಕೊನೆಯ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದು ಹೋಗಿದ್ದಾನೆ.

ಬಂಡೆಯ ಮೇಲಿನ ಮಾತೇನೋ ಸಿಕ್ಕಿತು. ಅದನ್ನು ಕೇಳಿದ ಜನ ಎಲ್ಲಿದ್ದರು, ಏನನ್ನು ಉಂಡರು, ಸತ್ತವರನ್ನು ಹೇಗೆ ಮಣ್ಣುಮಾಡಿದರು? ಈ ಪ್ರಶ್ನೆಗೆ ಬಂಡೆ ಉತ್ತರ ಕೊಡುವುದಿಲ್ಲ, ಮಣ್ಣು ಕೊಡಬೇಕು. ಆ ಉತ್ತರವನ್ನು ಮೊದಲು ಅರಸಿದವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾಕ್ಟರ್ ಎಂ. ಎಚ್. ಕೃಷ್ಣ ಅವರು. ಹಲ್ಮಿಡಿಯ ಶಾಸನವನ್ನು 1936ರಲ್ಲಿ ಕನ್ನಡಿಗರ ಕೈಗೆ ಕೊಟ್ಟವರೂ ಅವರೇ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯನ್ನೂ, ಆಮೇಲೆ ಬ್ರಹ್ಮಗಿರಿಯನ್ನೂ ಅಗೆಸಿ ಅವರು ದಾರಿ ತೋರಿದರು. ಅನಂತರ ಬಂದದ್ದು 1947. ಆ ವರ್ಷ ಭಾರತದ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಮೈಸೂರಿನ ಇಲಾಖೆಯ ಜೊತೆಗೂಡಿ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆತ ನಡೆಸಿದರು. ನಮ್ಮ ಸೀಮೆಯ ಹಳಮೆಯ ಅಧ್ಯಯನದಲ್ಲಿ ಅಷ್ಟು ದೊಡ್ಡ ಹೆಜ್ಜೆಯಿಟ್ಟ ವರ್ಷ ಇನ್ನೊಂದಿಲ್ಲವೆಂದರೆ ಹೆಚ್ಚಾಗಲಾರದು.

ಆ ಕೆಲಸದ ಬಗೆಯನ್ನು ಮನೆಯ ಹೋಲಿಕೆಯಿಂದ ತಿಳಿಯಬಹುದು. ನಿಮ್ಮ ಮನೆಯ ಮೂಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಇದೆಯೆನ್ನಿ. ತಾರೀಖಿರುವ ಅಂಚುಗಳನ್ನೆಲ್ಲ ಇಲಿ ತಿಂದಿದೆ. ಆದರೂ ಅಡಿಯದು ಹಳೆಯದು, ಮೇಲಿನದು ಹೊಸದು ಎಂಬುದಂತೂ ನಿಜವಷ್ಟೆ. ನಡುವೆ ಒಂದು ಬಸ್ಸಿನ ಚೀಟಿ ಸಿಕ್ಕಿ, ಅದರ ಮೇಲೆ ತಾರೀಖಿದ್ದರೆ, ಆ ಪದರದ ಕಾಲ ಸುಮಾರಾಗಿ ಗೊತ್ತಾಯಿತು. ಮಕ್ಕಳು ಕಟ್ಟನ್ನು ಬಿಚ್ಚಿ ಕಲಸಿಬಿಟ್ಟರೆ ಮಾತ್ರ ಎಲ್ಲವೂ ಹೋಯಿತು. ಕಾಗದ ಉಳಿಯಿತು, ಕಾಲ ಅಳಿಯಿತು.

ಬ್ರಹ್ಮಗಿರಿಯ ನೆಲವೂ ಇಂಥ ಕಟ್ಟೇ. ಅಡಿಯಲ್ಲಿ ಉಜ್ಜಿ ನುಣುಪು ಮಾಡಿದ ಕಲ್ಲುಗೊಡಲಿಗಳನ್ನು ಹಿಡಿದಿದ್ದವರ ಪದರ. ಅವರು ತಮ್ಮ ಹಸುಗೂಸುಗಳು ಸತ್ತರೆ ಗಡಿಗೆಯಲ್ಲಿಟ್ಟು ಹೂಳುತ್ತಿದ್ದರು. ಅದರ ಮೇಲೆ ಕಬ್ಬಿಣ ಬಲ್ಲವರ ಪದರ. ಚಪ್ಪಡಿಕಲ್ಲುಗಳ ಕೋಣೆ ಕಟ್ಟಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ ಬಿಟ್ಟು, ಸತ್ತವರ ಎಲುಬುಗಳನ್ನೂ ಕಪ್ಪು ಕೆಂಪಿನ ಮಡಕೆಗಳನ್ನೂ ಅದರೊಳಗಿಟ್ಟವರು ಇವರು. ಅದಕ್ಕೂ ಮೇಲೆ ಸಾತವಾಹನರ ಕಾಲದ ಪದರ. ಬಸ್ಸಿನ ಚೀಟಿ ಬಂದದ್ದು ಇಲ್ಲಿಗೆ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ವ್ಹೀಲರ್ ಅವರು 1945ರಲ್ಲಿ ಅಗೆದಾಗ ಒಂದು ಬಗೆಯ ಗೀರುಚಿತ್ತಾರದ ಮಡಕೆ ಇಟಲಿಯ ಮಡಕೆಗಳ ಜೊತೆಯಲ್ಲಿ ದೊರೆತಿತ್ತು. ಇಟಲಿಯದರ ಕಾಲ ತಿಳಿದದ್ದು. ಅದೇ ಗೀರುಚಿತ್ತಾರ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಕಾಣಿಸಿತು. ಚಂದ್ರವಳ್ಳಿಯಲ್ಲಿ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯವೂ ಸಾಕ್ಷಿಗೆ ನಿಂತಿತು.

ಇನ್ನು ಹೇಳಬೇಕಾದ ಮಾತು ಸ್ವಲ್ಪ ವಿಚಿತ್ರವಾದುದು. ಆ ವರ್ಷ ವ್ಹೀಲರ್ ಅವರು ಕೆಳಗಿನ ಪದರಗಳಿಗೆ ಕೊಟ್ಟ ಕಾಲ ನಿಲ್ಲಲಿಲ್ಲ. ಕಲ್ಲುಗೊಡಲಿಯ ಜನರನ್ನು ಅವರು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನಕ್ಕೂ, ಕಲ್ಲುಗೋರಿಗಳನ್ನು ಹೆಚ್ಚುಕಡಿಮೆ ಕ್ರಿಸ್ತಪೂರ್ವ 2ನೆಯ ಶತಮಾನದಿಂದ ಈಚೆಗೂ ಇರಿಸಿದ್ದರು. ಮುಂದೆ ಇದ್ದಲಿನಲ್ಲಿರುವ ಇಂಗಾಲವನ್ನು ಅಳೆದು ಕಾಲ ಹೇಳುವ ವಿಧಾನ ಬಂತು. ತೆಕ್ಕಲಕೋಟೆ, ಹಳ್ಳೂರು ಮೊದಲಾದೆಡೆ 1960ರ ದಶಕದಲ್ಲಿ ಅಗೆತ ನಡೆಯಿತು. ದಕ್ಷಿಣದ ಕಲ್ಲುಗೊಡಲಿಯ ಬದುಕು ಕ್ರಿಸ್ತಪೂರ್ವ 3ನೆಯ ಸಹಸ್ರಮಾನಕ್ಕೆ, ಕಬ್ಬಿಣದ ಬಳಕೆ ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಹಿಂದೆ ಸರಿಯಿತು.

ಹಾಗಾದರೆ 1947ರ ಕೆಲಸ ವ್ಯರ್ಥವಾಯಿತೆ? ಖಂಡಿತ ಇಲ್ಲ. ಯಾವ ಚೂರು ಯಾವ ಪದರದಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಗೆ ಸಿಕ್ಕಿತೆಂದು ಆಗ ಬರೆದಿಟ್ಟರು. ನಕ್ಷೆ ತೆಗೆದು ಅಚ್ಚುಹಾಕಿಸಿದರು. ತಾರೀಖು ತಪ್ಪಾಗಿದ್ದರೂ ಪದರಗಳ ಕ್ರಮ ಸರಿಯಾಗಿತ್ತು. ಬರೆದಿಟ್ಟದ್ದರಿಂದಲೇ ಮುಂದಿನವರು ತಿದ್ದುವುದಕ್ಕೆ ಸಾಧ್ಯವಾಯಿತು. ವಸ್ತುಸಂಗ್ರಹಾಲಯದ ನಿಜವಾದ ಪ್ರಗತಿಯನ್ನು ಅಳೆಯಬೇಕಾದದ್ದು ಹೀಗೆ. ಎಷ್ಟು ವಸ್ತು ಬಂತೆಂಬುದು ಮೊದಲ ಲೆಕ್ಕವಲ್ಲ. ಬಂದ ವಸ್ತುವಿನ ಊರು, ಜಾಗ, ನೆರೆಹೊರೆ ಎಷ್ಟು ಉಳಿಯಿತೆಂಬುದೇ ಲೆಕ್ಕ. ಡಾಕ್ಟರ್ ಕೃಷ್ಣ ಅವರು ಅದೇ 1947ರಲ್ಲಿ ತೀರಿಕೊಂಡರು. ತಾವು ತೋರಿದ ದಾರಿ ಎಲ್ಲಿಗೆ ಮುಟ್ಟಿತೆಂಬುದನ್ನು ಪೂರ್ತಿ ಕಾಣುವ ಭಾಗ್ಯ ಅವರಿಗಿರಲಿಲ್ಲ.

ಈ ಪಾಠವನ್ನು ನಾನು ಕಲಿತದ್ದು ತಡವಾಗಿ. ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಹೊಲದಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ತನ್ನಿರೆಂದು ಹುಡುಗರಿಗೆ ಹೇಳಿದ್ದೆ. ಅವರು ಉತ್ಸಾಹದಿಂದ ತಂದರು. ಸಿಡಿಲಕಲ್ಲೆಂದು ಮರದ ಬುಡದಲ್ಲಿ ಪೂಜೆಗಿಟ್ಟಿದ್ದ ಕಲ್ಲುಗೊಡಲಿ ಬಂತು, ಮಣಿ ಬಂತು, ಮಡಕೆಯ ಚೂರು ಬಂತು. ಒಂದು ಪೆಟ್ಟಿಗೆ ತುಂಬಿತು; ನನಗೂ ಹೆಮ್ಮೆಯಾಯಿತು. ಕೆಲವು ವರ್ಷಗಳ ಮೇಲೆ ಬಲ್ಲವರೊಬ್ಬರು ಬಂದು ಒಂದೊಂದನ್ನೇ ಎತ್ತಿ, "ಇದು ಎಲ್ಲಿಯದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತಂದ ಹುಡುಗರು ದೊಡ್ಡವರಾಗಿ ಊರು ಬಿಟ್ಟಿದ್ದರು. ಪೆಟ್ಟಿಗೆಯ ತುಂಬ ಕಲ್ಲಿತ್ತು, ಚರಿತ್ರೆ ಇರಲಿಲ್ಲ. ಪತ್ರಿಕೆಯ ಕಟ್ಟನ್ನು ಕಲಸಿದ ಮಗು ನಾನೇ ಆಗಿದ್ದೆ.

ಆದುದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಹೊಲದ ಬದುವಿನಲ್ಲಿ ವೀರಗಲ್ಲು ಕಂಡರೆ ಅದನ್ನು ಮನೆಗೆ ತರಬೇಡಿ. ಮೋರಿಗೆ ಚಪ್ಪಡಿಯಾಗಲೂ ಬಿಡಬೇಡಿ. ಮಡಕೆಯೋ ಮಣಿಯೋ ಕಾಣಿಸಿದರೆ ಕೀಳುವುದಕ್ಕೆ ಮೊದಲು ಊರು, ಹೊಲದ ಸರ್ವೆ ನಂಬರು, ಆಳ, ದಿನ ಇವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಚಿತ್ರ ತೆಗೆಯುವ ಫೋನಿದೆ; ಇದ್ದಂತೆಯೇ ಒಂದು ಚಿತ್ರ ತೆಗೆಯಿರಿ. ಚಿತ್ರದುರ್ಗದಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ, ಅಲ್ಲಿಗೆ ತಿಳಿಸಿರಿ. ಚಿನ್ನಬೆಳ್ಳಿಯ ನಿಧಿ ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ನಿಧಿಯ ಆಸೆಗೆ ಕಲ್ಲುಗೋರಿಗಳನ್ನು ಒಡೆಯುವವರಿಗೆ ಒಂದು ಮಾತು: ಅದರೊಳಗೆ ಹೆಚ್ಚಾಗಿ ಸಿಕ್ಕುವುದು ಎಲುಬು, ಮಡಕೆ, ತುಕ್ಕುಹಿಡಿದ ಕಬ್ಬಿಣ. ಅಲ್ಲಿರುವ ಐಶ್ವರ್ಯ ಒಡೆದ ಗಳಿಗೆಯಲ್ಲಿಯೇ ನಾಶವಾಗುತ್ತದೆ.

ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಒಮ್ಮೆ ಬ್ರಹ್ಮಗಿರಿಗೆ ಹೋಗಿ ಬನ್ನಿ. ಚಪಡನು ಬರೆದ ಬಂಡೆಯನ್ನು ತೋರಿಸಿ. ಬರೆದವನು ತನ್ನ ಹೆಸರನ್ನು ಬಿಟ್ಟುಹೋದದ್ದರಿಂದಲ್ಲವೆ ನಮಗೆ ಅವನು ಗೊತ್ತು? ನಿಮ್ಮ ಹೊಲದ ಕಲ್ಲಿಗೂ ಒಂದು ಚೀಟಿ ಬರೆದಿಡಿ. ಸರಿಯೋ ತಪ್ಪೋ, ತಿದ್ದುವವರು ಮುಂದೆ ಬರುತ್ತಾರೆ.